ಸ್ವಂತ ವಾಹನದ ಬೀದಿ

ಬೀದಿಯವರು ಅವಳಿಗೆ ಇಟ್ಟ ಹೆಸರು ಗುಡುಗಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಅವಳು ಕೆಲಸಕ್ಕೆ ಹೋಗುವ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೋಪ ಅವಳ ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ಜನ ಆಡಿಕೊಳ್ಳುತ್ತಿದ್ದರು. ಅಲ್ಲಿ ಕೂರದೆ ಏನು ಮಾಡೀತು, ಒಳಗೆ ಜಾಗವೇ ಇರಲಿಲ್ಲ. ಅವಳ ಕೋಪಕ್ಕೆ ಹತ್ತಾರು ಕಾರಣಗಳಿದ್ದವು. ಅವುಗಳಲ್ಲಿ ದೊಡ್ಡದು ದಿನಾ ಸಂಜೆ ಬಂದು ಅವಳ ಮನೆ ಬಾಗಿಲಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಬೆಳ್ಳಗೆ, ಉದ್ದಕ್ಕೆ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಒಂದು ಕಾರು.

ಕಾರು ಅವಳ ಮನೆಯವರದಲ್ಲ. ಆ ಬೀದಿಯಲ್ಲಿ ನಿಲ್ಲುತ್ತಿದ್ದ ಯಾವ ಕಾರೂ ಆ ಬೀದಿಯವರದಲ್ಲ. ಅದು ಡ್ರೈವರುಗಳ ಬೀದಿ. ಮೊದಲು ಒಬ್ಬ ಬಂದು ಬಾಡಿಗೆಗೆ ಮನೆ ಹಿಡಿದ, ಅವನು ತಮ್ಮನನ್ನು ಕರೆತಂದ, ತಮ್ಮ ತನ್ನ ಭಾವಮೈದುನನನ್ನು ಕರೆತಂದ, ಹೀಗೆ ಬೀದಿ ತುಂಬಿತು. ಅವರ ಮಾಲೀಕರು ಇದ್ದದ್ದು ದೂರದ ಎತ್ತರದ ಕಟ್ಟಡಗಳಲ್ಲಿ. ಅಲ್ಲಿ ಒಂದು ಮನೆಗೆ ಒಂದೇ ಕಾರಿನ ಜಾಗ. ಎರಡನೇ ಕಾರು ಡ್ರೈವರನ ಜೊತೆ ಅವನ ಮನೆಗೆ ಹೋಗಿ ಮಲಗಬೇಕು, ಬೆಳಗಾಗುವಷ್ಟರಲ್ಲಿ ಮೈ ಒರೆಸಿಕೊಂಡು ವಾಪಸು ಬರಬೇಕು. ದೊಡ್ಡವರಿಗೆ ಜಾಗ ಸಾಲದಾದರೆ ಬಡವರ ಬೀದಿ ಇದೆಯಲ್ಲ! ಸಂಜೆಯಾದರೆ ಮಕ್ಕಳಿಗೆ ಆಡಲು ಜಾಗವಿಲ್ಲ, ಹೆಂಗಸರಿಗೆ ಒಂದು ಪಂಚೆ ಒಣಹಾಕಲು ಜಾಗವಿಲ್ಲ. ಗುಡುಗಮ್ಮ ತನ್ನ ಮನೆಯ ಹೊಸ್ತಿಲು ದಾಟಬೇಕಾದರೂ ಸೀರೆ ಎತ್ತಿಕೊಂಡು, ಬಂಪರಿಗೆ ತಾಗದ ಹಾಗೆ ಅಡ್ಡಡ್ಡ ಸರಿಯಬೇಕಿತ್ತು.

ಆ ಕಾರಿನೊಳಗೆ ಅವಳು ಒಂದು ದಿನವೂ ಕೂತಿರಲಿಲ್ಲ. ಗಂಡನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಮಾಲೀಕ ಹೇಳಿದ್ದ: "ಮನೆಯವರನ್ನ ಕೂರಿಸ್ಕೊಂಡು ಓಡಾಡೋ ಹಾಗಿಲ್ಲ." ಮಗಳು ಹುಟ್ಟುವ ನೋವು ಶುರುವಾದಾಗಲೂ ಕಾರು ಬಾಗಿಲಲ್ಲೇ ಇತ್ತು. "ಮಾಲೀಕರನ್ನ ಒಂದು ಮಾತು ಕೇಳ್ತೀನಿ ತಾಳು" ಅಂತ ಗಂಡ ಫೋನು ಹಿಡಿದು ನಿಂತ. ಆ ಕಡೆಯಿಂದ ಯಾರೂ ಎತ್ತಲಿಲ್ಲ. ಅವಳು ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಊರಿಕೊಂಡು, ಹಲ್ಲು ಕಚ್ಚಿಕೊಂಡು, ಬಾಡಿಗೆ ಗಾಡಿಗೆ ಕಾದಳು. ಮಗಳೀಗ ಶಾಲೆಗೆ ಹೋಗುತ್ತಾಳೆ. ಆ ದಿನದ ಸಿಟ್ಟು ಮಾತ್ರ ಇನ್ನೂ ಹಸಿಯಾಗಿದೆ.

ಅವಳ ಪಾಲಿನ ವಾಹನವೆಂದರೆ ಬೆಳಗಿನ ಮೊದಲ ಬಸ್ಸು. ಬೀದಿಯ ತುದಿಯಲ್ಲಿ ಹತ್ತಿದರೆ ದೊಡ್ಡಾಸ್ಪತ್ರೆಯ ಹಿಂದಿನ ಗೇಟಿಗೆ ಇಳಿಸುತ್ತಿತ್ತು. ಅದರಲ್ಲಿ ಬೀದಿಯ ಹೆಂಗಸರೆಲ್ಲ ಇರುತ್ತಿದ್ದರು. ಪಾತ್ರೆ ತಿಕ್ಕುವವರು, ಶಾಲೆಯ ಆಯಾ, ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವವಳು. ಗಂಡಸರ ಬಗ್ಗೆ ಬೇಕಾದ್ದು ಮಾತಾಡಿಕೊಳ್ಳಲು ಅವರಿಗಿದ್ದ ಜಾಗ ಅದೊಂದೇ. ಗುಡುಗಮ್ಮನ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ವಾರ್ಡುಗಳಿಂದ ಬಂದ ಚಾದರಗಳನ್ನು ರಕ್ತದ್ದು ಬೇರೆ, ಔಷಧಿಯದ್ದು ಬೇರೆ ಅಂತ ಬಿಡಿಸಿ ಮೆಷಿನ್ನಿಗೆ ಹಾಕುವುದು, ಆಮೇಲೆ ಇಸ್ತ್ರಿಯ ಬಿಸಿ ಉರುಳೆಯ ಆಚೆ ಒಬ್ಬಳು ಈಚೆ ಒಬ್ಬಳು ನಿಂತು, ಅಂಚು ಹಿಡಿದೆಳೆದು ಸುಕ್ಕಿಲ್ಲದ ಹಾಗೆ ಮಡಿಸುವುದು. ಆ ಉಗಿಯಲ್ಲಿ ಬೆಂದು ಬೆಂದು ಅವಳ ಮುಂಗೈ ಕೂದಲು ಉದುರಿ ನುಣ್ಣಗಾಗಿತ್ತು. ಇಷ್ಟು ವರ್ಷ ದುಡಿದರೂ ಅವಳು ದಿನಗೂಲಿಯೇ. ಈ ಸಲ ಹಿರಿಯಳೊಬ್ಬಳು ನಿವೃತ್ತಿಯಾಗುವವಳಿದ್ದಳು, ಆ ಕಾಯಂ ಜಾಗ ಗುಡುಗಮ್ಮನಿಗೇ ಅಂತ ವಿಭಾಗದ ಮೇಲ್ವಿಚಾರಕಿ ಮಾತು ಕೊಟ್ಟಿದ್ದಳು.

"ಹಾಜರಿಯಲ್ಲಿ ಒಂದು ಕಪ್ಪು ಚುಕ್ಕೆ ಇರಬಾರದು ನೋಡು" ಅಂದಿದ್ದಳು. "ಬಾಯಿಗೆ ಬೀಗ ಹಾಕ್ಕೋ, ಹೊತ್ತಿಗೆ ಸರಿಯಾಗಿ ಬಾ. ಉಳಿದದ್ದು ನನಗೆ ಬಿಡು."

ಬಾಯಿಗೆ ಬೀಗ ಕಷ್ಟವಾದರೂ ಹಾಕಿಕೊಂಡಳು. ಹೊತ್ತಿಗೆ ಸರಿಯಾಗಿ ಹೋಗುವುದು ಅವಳಿಗೆ ಕಷ್ಟವಾಗಿರಲಿಲ್ಲ, ಬಸ್ಸು ನಿಂತುಹೋಗುವವರೆಗೆ.

ಒಂದು ಸೋಮವಾರ ಬಸ್ಸು ಬರಲಿಲ್ಲ. ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು. ಈ ಮಾರ್ಗದಲ್ಲಿ ಬೇಡಿಕೆ ಇಲ್ಲದ ಕಾರಣ ಸೇವೆ ಹಿಂಪಡೆಯಲಾಗಿದೆ ಅಂತ. ಬೇಡಿಕೆ ಇಲ್ಲವಂತೆ! ಕಾಗದದ ಕೆಳಗೆ ಡಬ್ಬಿ ಹಿಡಿದು ನಿಂತಿದ್ದ ಅಷ್ಟು ಹೆಂಗಸರೂ ಬೇಡಿಕೆಯಲ್ಲದೆ ಕಂಬಕ್ಕೆ ಕಾವಲೇ? ಅವತ್ತು ಎಲ್ಲರೂ ಮುಖ್ಯರಸ್ತೆಯವರೆಗೆ ನಡೆದರು, ಅಲ್ಲಿ ಬಂದ ತುಂಬಿದ ಬಸ್ಸಿಗೆ ಜೋತುಬಿದ್ದರು. ಗುಡುಗಮ್ಮ ಹೋಗುವಷ್ಟರಲ್ಲಿ ಗೇಟು ಹಾಕಿತ್ತು. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಹೊರಟಳು, ಮುಟ್ಟಿದಳು. ಅದರ ಮಾರನೇ ದಿನ ಮಗಳಿಗೆ ತಲೆ ಬಾಚುತ್ತ ಚೂರು ತಡವಾಯಿತು, ಮತ್ತೆ ಗೇಟು. ಮೇಲ್ವಿಚಾರಕಿ ಬೈಯಲಿಲ್ಲ. "ನಾನೇನು ಮಾಡಲಿ ಹೇಳು" ಅಂದಳು. ಬೈದಿದ್ದರೆ ವಾಸಿಯಿತ್ತು.

ಸಾರಿಗೆ ಕಚೇರಿಗೆ ಅವಳು ನಡೆದೇ ಹೋದಳು. ಅಲ್ಲಿ ಗೋಡೆ ತುಂಬ ಊರಿನ ನಕ್ಷೆ. ಪ್ರತಿ ಬಡಾವಣೆಗೂ ಒಂದೊಂದು ಬಣ್ಣ. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯನೇ, ಕುರ್ಚಿ ತೋರಿಸಿದ, ನೀರು ಕೊಟ್ಟ. ಅದೇ ಅವಳ ಮೈ ಇನ್ನಷ್ಟು ಉರಿಸಿತು. ಜನ ಹೇಗೆ ಓಡಾಡುತ್ತಾರೆ ಅನ್ನುವುದರ ಮೇಲೆ ಊರನ್ನು ಮೂರು ವರ್ಗ ಮಾಡಿದ್ದೇವೆ ಅಂತ ಅವನು ಮಗುವಿಗೆ ಹೇಳುವ ಹಾಗೆ ಹೇಳಿದ. ಸ್ವಂತ ವಾಹನ ಪ್ರದೇಶ, ಮಿಶ್ರ ಪ್ರದೇಶ, ಅವಲಂಬಿತ ಪ್ರದೇಶ. ಬಸ್ಸು ಯಾರಿಗೆ ಬೇಕೋ ಅವರಿಗೆ.

"ನಿಮ್ಮ ಬೀದಿ ಮೊದಲನೇ ವರ್ಗ ಕಣಮ್ಮ" ಅಂದ, ಶುಭಸುದ್ದಿ ಕೊಟ್ಟವನ ಹಾಗೆ. "ಮನೆಗೊಂದು ಕಾರು. ಬೆಳಗಿನ ಜಾವ ನಮ್ಮ ಹುಡುಗರೇ ಬಂದು ಎಣಿಸಿದ್ದಾರೆ."

"ಸಾರ್, ಅವು ನಮ್ಮವಲ್ಲ. ನಮ್ಮ ಗಂಡಂದಿರು ಡ್ರೈವರುಗಳು."

ಅವನು ಕಂಪ್ಯೂಟರಿನಲ್ಲಿ ಹುಡುಕಿದ. "ಇಲ್ಲಿದೆ ನೋಡಿ, ನಿಮ್ಮ ಯಜಮಾನರೇ ಹೇಳಿದ್ದಾರೆ. ಕೆಲಸಕ್ಕೆ ಹೋಗೋದು ಹೇಗೆ? ಕಾರಲ್ಲಿ. ಓಡಿಸೋದು ಯಾರು? ನಾನೇ. ದಿನಾನಾ? ದಿನಾ."

"ಕಾರು ಯಾರದು ಅಂತ ಕೇಳಿದ್ರಾ?"

"ಆ ಪ್ರಶ್ನೆ ಇಲ್ಲಮ್ಮ."

"ಹೆಂಗಸರನ್ನ ಕೇಳಿದ್ರಾ?"

"ಮನೆ ಯಜಮಾನರನ್ನ ಕೇಳೋದು ನಮ್ಮ ಕ್ರಮ. ನಮ್ಮವರು ಹೋದಾಗ ಹೆಂಗಸರು ಯಾರೂ ಸಿಗಲಿಲ್ಲವಂತೆ."

ಸಿಗುವುದು ಹೇಗೆ, ಅವರೆಲ್ಲ ಆ ಹೊತ್ತಿಗೆ ಬಸ್ಸಿನಲ್ಲಿದ್ದರು! ಗುಡುಗಮ್ಮ ಚಪ್ಪಲಿ ಬಿಟ್ಟು, ಬೊಬ್ಬೆ ಎದ್ದ ಪಾದವನ್ನು ಅವನ ಮೇಜಿನ ಮಟ್ಟಕ್ಕೆ ಎತ್ತಿದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್? ಇದು ಅಂಗಾಲು. ನೋಡ್ಕೊಳ್ಳಿ. ಸ್ವಂತ ವಾಹನ ಇದೇ."

ಪಕ್ಕದ ಮೇಜಿನವರು ಎದ್ದು ನಿಂತರು. ಅಧಿಕಾರಿ ಮುಖ ಆಚೆ ತಿರುಗಿಸಿ ಹೇಳಿದ: "ಬೀದಿಯ ಯಜಮಾನರೆಲ್ಲ ಕಾರು ನಮ್ಮದಲ್ಲ ಅಂತ ಬರೆದು ಸಹಿ ಹಾಕ್ಕೊಡಲಿ. ಮತ್ತೊಂದ್ಸಲ ಸಮೀಕ್ಷೆ ಮಾಡಿಸ್ತೀನಿ."

ಇಷ್ಟೇ ತಾನೇ ಅಂದುಕೊಂಡಳು. ಅಷ್ಟೇ ಆಗಿರಲಿಲ್ಲ.

ಕಾಗದ ಹಿಡಿದು ಮೊದಲು ಹೋದದ್ದು ಎದುರು ಮನೆಗೆ, ಮೀಸೆ ಅಣ್ಣನ ಹತ್ತಿರ. ಬೀದಿಗೆ ಹಿರಿಯ ಡ್ರೈವರ್ ಅವನು. ಅವನು ಓದಿ ಮೀಸೆ ಸವರಿಕೊಂಡ. "ತಂಗೀ, ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗನ ಕಡೆಯವರು ಬಾಗಿಲಲ್ಲಿ ಕಾರು ನೋಡಿ ಹೋಗಿದ್ದಾರೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಬರೆದು ಕೊಟ್ಟರೆ ಊರೆಲ್ಲ ಗುಲ್ಲಾಗುತ್ತೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!" ಅಂದು ಅವಳು ಹೊರಗೆ ಬಂದಳು. ಉಳಿದ ಮನೆಗಳಲ್ಲೂ ಅದೇ ಹಾಡು, ರಾಗ ಬೇರೆ. ಒಬ್ಬ ನಾಳೆ ಅಂದ, ಇನ್ನೊಬ್ಬ ಮೀಸೆ ಅಣ್ಣ ಹಾಕಲಿ ಆಮೇಲೆ ನಾನು ಅಂದ.

ಮನೆಗೆ ಬಂದರೆ ಗಂಡ ಹಳದಿ ಬಟ್ಟೆಯಲ್ಲಿ ಕಾರಿನ ಕನ್ನಡಿ ಉಜ್ಜುತ್ತಿದ್ದ. ಕಾಗದವನ್ನು ಅವನ ಮುಂದೆ ಹಿಡಿದಳು. ಅವನು ಉಜ್ಜುವುದು ನಿಲ್ಲಿಸಲಿಲ್ಲ.

"ನಾನು ಸುಳ್ಳೇನು ಹೇಳಿದೆ? ಕಾರಲ್ಲೇ ಹೋಗ್ತೀನಿ, ನಾನೇ ಓಡಿಸ್ತೀನಿ."

"ನಿಜ ಹೇಳಿ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ ರೀ! ನಮ್ಮದಲ್ಲ ಅನ್ನೋ ಒಂದು ಮಾತು ನಾಲಿಗೆ ಮೇಲೆ ಬರಲಿಲ್ವಾ?"

ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಹಗಲೆಲ್ಲ ನಾನು 'ಡ್ರೈವರ್'. ಇಷ್ಟು ವರ್ಷ ಆಯ್ತು, ಆ ಮನೆಯ ಮಕ್ಕಳಿಗೆ ನನ್ನ ಹೆಸರು ಗೊತ್ತಿಲ್ಲ. ಸಂಜೆ ಈ ಬೀದಿಗೆ ತಿರುಗಿದಾಗ ನಮ್ಮ ಮಕ್ಕಳು 'ಕಾರು ಬಂತು' ಅಂತ ಓಡಿ ಬರ್ತವೆ. ಅಷ್ಟೊತ್ತು ನಾನೂ ಒಬ್ಬ ಮನುಷ್ಯ. ಅದನ್ನೂ ಬರೆದು ಕೊಟ್ಟುಬಿಡಲಾ?"

ಅವಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟು ನೆತ್ತಿಗೇರಿತು. ಅವನ ಮರ್ಯಾದೆ ಉಳಿಯಲು ಅವಳ ಕಾಲು ಸವೆಯಬೇಕೇ? "ನಿಮಗೆ ಸಂಜೆ ಒಂದು ಗಳಿಗೆ ಆದ್ರೂ ಸಿಗುತ್ತೆ. ನನಗೆ ಯಾವಾಗ ಸಿಗೋದು?" ಅಂದಳು. ಅವನು ಬಕೆಟ್ಟು ಎತ್ತಿಕೊಂಡು ಒಳಗೆ ಹೋದ.

ಆ ವಾರದ ಕೊನೆಗೆ ಮೇಲ್ವಿಚಾರಕಿ ಅವಳನ್ನು ಉರುಳೆಯ ಹತ್ತಿರದಿಂದ ಈಚೆ ಕರೆದಳು. ಕಾಯಂ ಜಾಗ ಆಸ್ಪತ್ರೆಯ ಹಿಂದಿನ ಓಣಿಯಲ್ಲಿರುವ ಒಬ್ಬಳಿಗೆ ಹೋಗಿತ್ತು. ಅವಳು ನಿನ್ನೆ ಮೊನ್ನೆ ಸೇರಿದವಳು, ಚಾದರದ ಅಂಚು ಹಿಡಿಯಲು ಗುಡುಗಮ್ಮನೇ ಕಲಿಸಿದ್ದಳು. ಅವಳ ತಪ್ಪೇನೂ ಇಲ್ಲ, ಅವಳ ಮನೆ ಹತ್ತಿರ, ಅಷ್ಟೇ. "ದಿನಗೂಲಿಯಾದ್ರೂ ಉಳಿಸ್ಕೋ. ಇನ್ನು ತಡವಾದ್ರೆ ಅದೂ ನನ್ನ ಕೈಲಿಲ್ಲ" ಅಂದಳು ಮೇಲ್ವಿಚಾರಕಿ. ಗುಡುಗಮ್ಮ ಉಳಿದ ಚಾದರಗಳನ್ನೆಲ್ಲ ಮಡಿಸಿದಳು. ಎದುರು ನಿಂತವಳ ಕೈಯಿಂದ ಅಂಚು ಕಿತ್ತುಬರುವ ಹಾಗೆ ಎಳೆದೆಳೆದು ಮಡಿಸಿದಳು.

ಮರುದಿನ ಭಾನುವಾರ. ಮಾಲೀಕರು ಊರಿಗೆ ಹೋಗಿದ್ದರಿಂದ ಅವರ ಕಾರು, ರಜೆಯಾದ್ದರಿಂದ ಬೀದಿಯ ಉಳಿದ ಕಾರುಗಳು ಬೆಳಿಗ್ಗೆಯೂ ಬಾಗಿಲಲ್ಲೇ ಇದ್ದವು. ಗುಡುಗಮ್ಮ ಮನೆಯ ಬಟ್ಟೆಯನ್ನೆಲ್ಲ ರಾಶಿ ಹಾಕಿ ಒಗೆದಳು. ಹೊದಿಕೆ, ಗಂಡನ ಪಂಚೆ, ಮಗಳ ಲಂಗ, ಅಡುಗೆಮನೆಯ ಮಸಿಬಟ್ಟೆ. ಹಿಂಡಲಿಲ್ಲ. ನೀರು ಸುರಿಯುತ್ತಿದ್ದ ಹಾಗೇ ಹೊತ್ತು ತಂದು ಕಾರಿನ ಮೇಲೆ ಹರವಿದಳು. ಬಾನೆಟ್ಟಿನ ಮೇಲೆ ಹೊದಿಕೆ, ಕಾರಿನ ತಲೆಯ ಮೇಲೆ ಪಂಚೆ, ಎರಡು ಕಡೆಯ ಕನ್ನಡಿಗಳಿಗೆ ಲಂಗ. ಕೊನೆಗೆ ಮಸಿಬಟ್ಟೆಯನ್ನು ಮುಂದಿನ ಗಾಜಿಗೆ ಪಟ್ ಅಂತ ಹೊಡೆದು ಅಂಟಿಸಿದಳು.

ಗಂಡ ಓಡಿಬಂದ. "ಏನೇ ಇದು! ತಲೆ ಕೆಟ್ಟಿದ್ಯಾ?"

"ಯಾಕೆ ರೀ, ಸ್ವಂತ ವಾಹನ ಅಲ್ವಾ? ಸ್ವಂತದ್ದರ ಮೇಲೆ ಒಣಗಿಸ್ಕೊಳ್ಳೋಕೆ ಯಾರ ಅಪ್ಪಣೆ ಬೇಕು?"

ಬಾಗಿಲು ಬಾಗಿಲಲ್ಲೂ ಜನ. ಶಾಲೆಯ ಆಯಾ ಒಮ್ಮೆ ನೋಡಿದಳು, ಒಳಗೆ ಹೋಗಿ ತನ್ನ ಬಕೆಟ್ಟು ತಂದು ತನ್ನ ಮನೆಮುಂದಿನ ಕರಿ ಕಾರಿಗೆ ಸೀರೆ ಉಡಿಸಿದಳು. ಗುಂಡಿ ಹಚ್ಚುವವಳು ಹಿಂದೆ ಬೀಳಲಿಲ್ಲ. ನೋಡನೋಡುತ್ತ ಬೀದಿಯ ಕಾರುಗಳೆಲ್ಲ ಲಂಗ, ಪಂಚೆ, ದಿಂಬಿನ ಚೀಲ ಹೊದ್ದುಕೊಂಡು ನೀರು ಸೋರಿಸುತ್ತ ನಿಂತವು. ಗಂಡಸರು ಒಂದು ಕಡೆ ಎಳೆದರೆ ಹೆಂಗಸರು ಇನ್ನೊಂದು ಕಡೆ ಹೊದಿಸುತ್ತಿದ್ದರು. ಗುಡುಗಮ್ಮನ ಗಂಡ ಮಸಿಬಟ್ಟೆ ಕಿತ್ತು, ಅದಕ್ಕೆ ಅಂಟಿದ್ದ ಹರಳು ಗಾಜಿನ ಮೇಲೆ ಎಳೆದಿದ್ದ ಗೀರು ನೋಡಿದ. ಅವನ ಗಂಟಲು ಹರಿಯುವ ಹಾಗೆ ಕೂಗು ಬಂತು, ಇಡೀ ಬೀದಿಗೆ ಕೇಳಿಸಿತು.

"ಇದು ನಮ್ಮದಲ್ಲ ಕಣೇ! ಕಂಡೋರ ಕಾರು! ನನ್ನ ಕೆಲಸ ಹೋಗುತ್ತೆ!"

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಾಗದ ತೆಗೆದು ಬಾನೆಟ್ಟಿನ ಮೇಲಿಟ್ಟಳು. "ಇದೇ ಮಾತು. ಇದನ್ನೇ ಬರೆದು ಕೊಡಿ. ನನ್ನ ಕಾಯಂ ಕೆಲಸ ಹೋಗಿ ಆಯ್ತು."

ಕಾಯಂ ಜಾಗ ಕೈಬಿಟ್ಟದ್ದು ಅವನಿಗೆ ಗೊತ್ತಿರಲಿಲ್ಲ. ಅವಳ ಮುಖ ನೋಡಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿದ. ಮೀಸೆ ಅಣ್ಣ ಆಗಲೂ ಹಿಂದೆಮುಂದೆ ನೋಡುತ್ತಿದ್ದ. ಅವನ ಮಗಳೇ ಬಂದು ಪೆನ್ನು ಅವನ ಕೈಗೆ ತುರುಕಿದಳು. "ಕಾರು ನೋಡಿ ಒಪ್ಪೋ ಹುಡುಗ ನನಗೆ ಬೇಡ ಅಪ್ಪ. ನನಗೆ ಕಾಲೇಜಿಗೆ ಬಸ್ಸು ಬೇಕು." ಅವನೂ ಹಾಕಿದ, ಅವನ ಹಿಂದೆ ಉಳಿದವರೂ ಹಾಕಿದರು. ಮೀಸೆ ಮಾತ್ರ ಅವತ್ತು ಸವರಿಕೊಳ್ಳಲಿಲ್ಲ.

ಸಮೀಕ್ಷೆಯವರು ಮತ್ತೆ ಬಂದರು. ಈ ಸಲ ಹೆಂಗಸರು ಕಾಯ್ದು ನಿಂತು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟರು. ನಕ್ಷೆಯಲ್ಲಿ ಬೀದಿಯ ಬಣ್ಣ ಬದಲಾಯಿತು, ಬಸ್ಸು ಮರಳಿತು. ಗಾಜಿನ ಮೇಲಿನ ಗೀರಿಗೆ ಮಾಲೀಕ ಸಂಬಳದಲ್ಲಿ ಹಿಡಿದುಕೊಂಡ, ಕಾರನ್ನು ಇನ್ನು ನಿನ್ನ ಬೀದಿಗೆ ಒಯ್ಯಬೇಡ ಅಂದ. ಬೇರೆಲ್ಲೂ ಜಾಗವಿಲ್ಲ ಅಂತ ಇಷ್ಟು ವರ್ಷ ಹೇಳಿದವನಿಗೆ ಕಟ್ಟಡದ ಹಿಂದೆಯೇ ಒಂದು ಜಾಗ ಸಿಕ್ಕಿತು. ಕೈತಪ್ಪಿದ ಕಾಯಂ ಕೆಲಸ ಮಾತ್ರ ಅವಳಿಗೆ ಸಿಗಲಿಲ್ಲ. ಬಣ್ಣ ತಪ್ಪಾಗಿತ್ತು ಅಂತ ಕಚೇರಿಯವರು ಒಪ್ಪಿಕೊಂಡರು, ತಪ್ಪಿನಿಂದ ಕಳೆದುಹೋದದ್ದನ್ನು ಯಾವ ಬಣ್ಣದಲ್ಲೂ ತುಂಬಿಕೊಡಲಿಲ್ಲ. ಅದನ್ನು ನೆನೆದಾಗಲೆಲ್ಲ ಅವಳಿಗೆ ಈಗಲೂ ಆ ನಕ್ಷೆಯನ್ನು ಬಿಸಿ ಉರುಳೆಗೆ ಕೊಡಬೇಕು ಅನ್ನಿಸುತ್ತದೆ.

ಬಸ್ಸು ಮರಳಿದ ಮೊದಲ ಬೆಳಿಗ್ಗೆ ಗಂಡನೂ ಅವಳ ಜೊತೆ ಹೊರಟ, ಕಾರಿರುವ ಮಾಲೀಕನ ಮನೆಗೆ ಈಗ ಅವನೂ ಬಸ್ಸಿನಲ್ಲೇ ಹೋಗಬೇಕಿತ್ತು. ಕಂಬದ ಮೇಲೆ ಹೊಸ ಫಲಕ. ಅವನು ಓದಿ ತಲೆ ತಗ್ಗಿಸಿದ. "ಅವಲಂಬಿತ ಪ್ರದೇಶವಂತೆ. ನಾವು ಅವಲಂಬಿತರಂತೆ."

"ಯಾರು? ನಾವಾ?" ಗುಡುಗಮ್ಮ ಗುಡುಗಿದಳು. "ನೀವು ಹೋಗಿ ಬಾಗಿಲು ತೆಗೆಯೋವರೆಗೆ ನಿಮ್ಮ ಮಾಲೀಕ ಕಾರಿಂದ ಕೆಳಗಿಳಿಯಲ್ಲ. ಆ ಫಲಕ ಅವನ ಮನೆ ಮುಂದೆ ನೆಡಲಿ."

ಹೆಂಗಸರೆಲ್ಲ ನಕ್ಕರು. ಬಸ್ಸು ಬಂತು. ಅವಳು ಮುನ್ನುಗ್ಗಿ ಹತ್ತಿ, ತನ್ನ ಹಳೆಯ ಕಿಟಕಿಯ ಸೀಟು ಹಿಡಿದಳು. ಪಕ್ಕದಲ್ಲಿ ಜಾಗವಿತ್ತು. ಆದರೂ ಅವನು ಮೇಲಿನ ಕಂಬಿ ಹಿಡಿದುಕೊಂಡು ನಿಂತೇ ಇದ್ದ. ಸ್ಟೀರಿಂಗ್ ಇಲ್ಲದ ಕಡೆ ಹೇಗೆ ಕೂರಬೇಕೆಂದು ಅವನಿಗೆ ಮರೆತೇ ಹೋಗಿತ್ತೇನೋ.

ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಸರಿದಳು.

"ಕೂತ್ಕೊಳ್ಳಿ" ಅಂದಳು. "ಈ ಗಾಡೀಲಿ ಮನೆಯವರನ್ನ ಕೂರಿಸ್ಕೋಬಹುದು."