ಟೀಕಾಚಾರ್ಯ ನಿಜ ಬರೆದ ದಿನ

ನಮ್ಮ ಬೀದಿಯಲ್ಲಿ ಫ್ಯಾನು, ಮೋಟರುಗಳಿಗೆ ವೈಂಡಿಂಗ್ ಮಾಡುವವನಿಗೆ ತಂದೆತಾಯಿ ಏನು ಹೆಸರಿಟ್ಟಿದ್ದರೋ, ಎಲ್ಲರಿಗೂ ಮರೆತೇ ಹೋಗಿದೆ. ಈಗ ಅವನು ಬರೀ ಟೀಕಾಚಾರ್ಯ. ಎದುರಿಗೇ ನನ್ನ ಹೊಲಿಗೆ ಅಂಗಡಿ, ತಲೆ ಎತ್ತಿದರೆ ಅವನೇ ಕಾಣುತ್ತಾನೆ. ತಂತಿ ಸುತ್ತಿ, ವಾರ್ನಿಶ್ ಹಚ್ಚಿ, ಅದು ಒಣಗುವವರೆಗೂ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಊರನ್ನೆಲ್ಲ ಝಾಡಿಸುತ್ತಾನೆ. ವಾರ್ನಿಶ್ ಮೆತ್ತಿದ ಹೆಬ್ಬೆರಳನ್ನು ಮೊಬೈಲು ಗುರುತಿಸುವುದಿಲ್ಲ. ಅದಕ್ಕೆ ಬೇರೆ ಬೈಗುಳ.

ಊರಿನವರೆಲ್ಲ ಸೇರಿಕೊಂಡಿರುವ ಒಂದು ಆನ್‌ಲೈನ್ ಗುಂಪಿದೆ. ಬಜೆಟ್ಟು ಬರಲಿ, ಸರ್ಕಾರ ಬೀಳಲಿ, ಜನ ಕ್ಯೂ ಬಿಟ್ಟು ನುಗ್ಗಲಿ, ಬೆಳಿಗ್ಗೆ ಅಲ್ಲಿ ಇವನ ಚಾಟಿಯೇಟು ಬೀಳಲೇಬೇಕು. "ನಮ್ಮ ನಾಯಕರಿಗೆ ಮಾತು ನಿಂತಿದೆಯೆಂದು ಯಾರೂ ಗಾಬರಿಯಾಗಬೇಡಿ, ಚುನಾವಣೆ ಹತ್ತಿರ ಬಂದರೆ ತಾನಾಗೇ ವಾಸಿಯಾಗುತ್ತದೆ" ಎಂದು ಬರೆದ ದಿನ ನಾನು ನಗುತ್ತಾ ನಗುತ್ತಾ ಬೆರಳಿಗೇ ಸೂಜಿ ಚುಚ್ಚಿಕೊಂಡೆ. ಅವನ ಹೆಂಡತಿ ಮಾತ್ರ ಒಂದನ್ನೂ ಓದುತ್ತಿರಲಿಲ್ಲ. "ಮನೇಲಿ ಕೇಳೋದೇ ಸಾಕಾಗಿದೆ" ಅನ್ನುತ್ತಿದ್ದಳು.

ಆಕೆಯ ಕೆಲಸ ಬಸ್ ನಿಲ್ದಾಣದ ಮೈಕಿನ ಮುಂದೆ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೂಗಿ ಹೇಳುವ ಆ ಧ್ವನಿ ಕೇಳಿಕೊಂಡೇ ಈ ಊರಿನ ಮಕ್ಕಳು ದೊಡ್ಡವರಾಗಿದ್ದಾರೆ. ಯಾವಾಗಲೂ ಮಧ್ಯಾಹ್ನದ ಪಾಳಿ.

ಒಂದು ಬೆಳಿಗ್ಗೆ ಗುಂಪಿನಲ್ಲಿ ಯಾರೋ ಗೋಳು ತೋಡಿಕೊಂಡರು. ಮೈಕಿನಲ್ಲಿ ಮೂರನೇ ಪ್ಲಾಟ್‌ಫಾರ್ಮ್ ಎಂದರಂತೆ, ಬಸ್ಸು ಏಳನೆಯದಕ್ಕೆ ಬಂತಂತೆ, ವಯಸ್ಸಾದವರೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿದರಂತೆ. ಟೀಕಾಚಾರ್ಯ ಹಿಂದುಮುಂದು ನೋಡಲಿಲ್ಲ. "ಅಲ್ಲಿ ಕೂತವರು ಬಾಯಿಗೆ ಬಂದದ್ದು ಹೇಳುವುದು ನಮ್ಮ ವ್ಯಾಯಾಮಕ್ಕಾಗಿ. ಇಷ್ಟು ಕಾಳಜಿಯ ಧ್ವನಿಗೆ ಸಂಬಳ ಸಾಲದು" ಎಂದು ಬರೆದ. ನಗುವ ಮುಖಗಳು ದಬದಬನೆ ಬಿದ್ದವು. ಅದರಲ್ಲಿ ನನ್ನದೂ ಒಂದು.

ಮಧ್ಯಾಹ್ನ ಆಕೆ ಅವನ ಅಂಗಡಿಗೆ ಬಂದಳು. ಜೊತೆಯವಳಿಗೆ ಜ್ವರ ಎಂದು ಫೋನು ಬಂದು, ಗಂಡ ಅಂಗಡಿಗೆ ಹೊರಟ ಮೇಲೆ ಈಕೆಯೇ ಬೆಳಗಿನ ಪಾಳಿಗೆ ಹೋಗಿದ್ದಳು.

"ರೀ, ಇದು ನಿಮ್ದೇ ಅಲ್ವಾ? ಮ್ಯಾನೇಜರ್ ತೋರಿಸಿದ್ರು."

"ಅಯ್ಯೋ, ನೀನು ಅಂತ ಗೊತ್ತಿರ್ಲಿಲ್ಲ ಕಣೇ!"

"ನಂಗೆ ಕೊಟ್ಟಿದ್ದ ಚೀಟೀಲಿ ಮೂರು ಅಂತಲೇ ಇತ್ತು. ಡ್ರೈವರ್ ಹೇಳ್ದೆ ಕೇಳ್ದೆ ಏಳಕ್ಕೆ ತಿರುಗಿಸಿದ್ರೆ ನಾನೇನ್ ಮಾಡ್ಲಿ? ಮೊದ್ಲಿಂದ್ಲೂ ಆ ಮ್ಯಾನೇಜರ್‌ಗೆ ಮೆಷಿನ್ ಧ್ವನಿ ಹಾಕಿಸೋ ಆಸೆ. ಈಗ 'ಜನರೇ ನಗ್ತಿದ್ದಾರಲ್ಲಮ್ಮ' ಅಂತಾರೆ. ನನ್ನನ್ನ ಮೈಕಲ್ಲಿ ಇಟ್ಕೊಳೋದಾ ಬೇಡ್ವಾ ಅಂತ ಸೋಮವಾರ ತೀರ್ಮಾನ ಆಗತ್ತಂತೆ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಅಷ್ಟು ಹೇಳಿ ಹೊರಟೇ ಹೋದಳು. ನನಗಂತೂ ತಲೆ ಎತ್ತಲು ಮುಖವಿರಲಿಲ್ಲ.

ಸೋಮವಾರದೊಳಗೆ ಇದನ್ನು ಸರಿ ಮಾಡಬೇಕೆಂದು ಟೀಕಾಚಾರ್ಯ ಕೆಲಸ ಬಿಟ್ಟು ಕೂತು ಬರೆದ. ಜೀವಮಾನದಲ್ಲಿ ಮೊದಲ ಸಲ ಕೊಂಕಿಲ್ಲದೆ ಬರೆದ. "ಆ ಧ್ವನಿ ಇಷ್ಟು ವರ್ಷ ನಮಗೆಲ್ಲ ದಾರಿ ತೋರಿಸಿದೆ. ಅಂಥವರು ಸಿಕ್ಕಿದ್ದು ನಮ್ಮ ಪುಣ್ಯ. ತಪ್ಪು ಅವರದಲ್ಲ, ಗೊತ್ತಿಲ್ಲದೆ ಬರೆದ ನನ್ನದು. ಕ್ಷಮಿಸಿ."

ಜನ ಬಿದ್ದು ಬಿದ್ದು ನಕ್ಕರು! "ಗುರುಗಳೇ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು." "ಪುಣ್ಯ ಅಂತೆ, ಆಹಾ, ಇದಪ್ಪಾ ಏಟು ಅಂದರೆ!" ಇವನು "ಇದು ತಮಾಷೆಯಲ್ಲ" ಎಂದು ಕೆಳಗೆ ಬರೆದ. ಅದಕ್ಕೆ ಇನ್ನಷ್ಟು ನಗು. ಕೊನೆಗೆ ತಡೆಯಲಾರದೆ "ಅವರು ನನ್ನ ಹೆಂಡತಿ" ಎಂದೇ ಬರೆದುಬಿಟ್ಟ.

"ಹಾಗಾದ್ರೆ ನಮ್ಮೆಲ್ಲರ ಅತ್ತಿಗೆ ಅನ್ನಿ!" ಎಂದಿತು ಒಂದು ಉತ್ತರ. ಅದಕ್ಕೆ ಬಿದ್ದಷ್ಟು ನಗುವ ಮುಖ ಅವನ ಯಾವ ಮಾತಿಗೂ ಬಿದ್ದಿರಲಿಲ್ಲ.

ಮೊಬೈಲು ಹಿಡಿದುಕೊಂಡು ಅವನು ನನ್ನ ಅಂಗಡಿಗೆ ಬಂದ. "ನಾನು ನಿಜ ಹೇಳಿದ್ರೆ ಹೇಗಿರತ್ತೆ ಅಂತ ಇವರಿಗೆ ಗೊತ್ತೇ ಇಲ್ವಲ್ಲೋ" ಎಂದವನ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಅವನನ್ನು ಹುರಿದುಂಬಿಸಿದವರಲ್ಲಿ ನಾನೇ ಮೊದಲಿಗ.

ಸೋಮವಾರ ಮ್ಯಾನೇಜರು, "ನೋಡಮ್ಮ, ಇನ್ನೂ ನಗ್ತಾನೇ ಇದ್ದಾರೆ" ಅಂದರಂತೆ. ಮೆಷಿನ್ ಬಂತು. ಆಕೆಯನ್ನು ಪ್ರಯಾಣಿಕರು ಮರೆತುಹೋದ ಛತ್ರಿ, ಚೀಲಗಳನ್ನು ಇಡುವ ಕೋಣೆಗೆ ಹಾಕಿದರು.

ಟೀಕಾಚಾರ್ಯ ಬರೆಯುವುದನ್ನೇನೂ ಬಿಟ್ಟಿಲ್ಲ, ಹುಟ್ಟುಗುಣ. ಆದರೆ ಈಗ ಊಟದ ಹೊತ್ತಿಗೆ ಆಕೆ ಬುತ್ತಿ ತಂದಾಗ ಓದಿ ಹೇಳುತ್ತಾನೆ, ಆಕೆ ಹೂಂ ಅಂದರೆ ಮಾತ್ರ ಗುಂಪಿಗೆ ಹಾಕುತ್ತಾನೆ. ಮೊನ್ನೆ ಆಗಲೇ ಹೊರಟುಹೋದ ಬಸ್ಸನ್ನು ಹತ್ತಿ ಎಂದು ಆ ಮೆಷಿನ್ ಜನರನ್ನು ಕರೆಯುತ್ತಲೇ ಇತ್ತು. ಇವನಿಗೆ ಅಷ್ಟೇ ಸಾಕಾಯಿತು, ಹಳೇ ಸಿಟ್ಟನ್ನೆಲ್ಲ ಸೇರಿಸಿ ಆ ಧ್ವನಿಯನ್ನು ಹಿಡಿದು ಝಾಡಿಸಿ ಬರೆದು, ನಮ್ಮಿಬ್ಬರಿಗೂ ಓದಿ ಹೇಳಿದ. ಕೇಳಿ ನಾನು ನಕ್ಕೆ. ಆಕೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಚೆನ್ನಾಗಿದೆ ರೀ. ಆದ್ರೆ ಹಾಕ್ಬೇಡಿ."

"ಯಾಕೆ? ಅದು ಮೆಷಿನ್ ಕಣೇ!"

"ಮೆಷಿನ್‌ಗೆ ಗಂಟಲೆಲ್ಲಿಂದ ಬಂತು? ಯಾವಳೋ ಒಬ್ಬಳು ಎಲ್ಲೋ ಕೂತು ಓದಿ ಕೊಟ್ಟಿರ್ತಾಳೆ. ಅವಳ ಕೈಲೂ ಒಂದು ಮೊಬೈಲ್ ಇರತ್ತೆ."

ಟೀಕಾಚಾರ್ಯ ಬರೆದದ್ದನ್ನೆಲ್ಲ ಅಳಿಸಿದ.