ನವರಂಗಕ್ಕೆ ಬೇಕಾದ ತುತ್ತು

ಒಲೆ ಹೊತ್ತಿಸುವ ಮೊದಲು ಸೌದೆ ಕೊಡವಿ ಇರುವೆ ಇಳಿಸುತ್ತಿದ್ದವಳು ನಮ್ಮ ದೊಡ್ಡವ್ವ ತಂಗೆವ್ವ. ಗಡಹಿಂಗ್ಲಜ ಕಡೆಯ ನೂಲ ಎಂಬ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಇಚಲಕರಂಜಿಗೆ ಬಂದು, ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತಲೇ ಅರ್ಧ ಆಯುಷ್ಯ ಕಳೆದಳು. ಕೊರಳಲ್ಲಿ ಲಿಂಗ, ಬಾಯಲ್ಲಿ ಶಿವಶಿವ. ಸೊಳ್ಳೆ ಕಚ್ಚಿದರೆ ಊದಿ ಓಡಿಸುವಳೇ ಹೊರತು ಹೊಡೆಯಳು. ನಮಗೆಲ್ಲ ನಗು.

ಅರವತ್ತೆರಡನೆಯ ಇಸವಿಯ ಮೊದಲ ಮಳೆಯ ಮರುದಿನ ಶೆಡ್ಡಿನ ಗೋಡೆಗೆ ಬಡಿದು ಒಂದು ಹಕ್ಕಿ ಬಿತ್ತು. ಬೆನ್ನು ಹಸಿರು, ಹೆಗಲಿಗೆ ನೀಲಿ, ಕಣ್ಣಿಗೆ ಕಾಡಿಗೆಯ ಪಟ್ಟಿ, ಮೋಟು ಬಾಲದ ಕೆಳಗೆ ಕುಂಕುಮದ ಕೆಂಪು. ಒಂದು ರೆಕ್ಕೆ ಜೋತುಬಿದ್ದಿತ್ತು. ಬಿಳಿ ನೂಲಿನಲ್ಲೇ ಬಾಳು ಸವೆಸಿದವಳಿಗೆ ಆ ಬಣ್ಣ ಕಂಡು ಮನಸ್ಸು ತಡೆಯಲಿಲ್ಲ. ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.

ಜೋಳ ಇಟ್ಟಳು, ನೆನೆಸಿದ ಕಡಲೆ ಇಟ್ಟಳು, ಬಾಳೆಹಣ್ಣು ಹಿಸುಕಿಟ್ಟಳು. ಹಕ್ಕಿ ಮೂಸಿಯೂ ನೋಡಲಿಲ್ಲ. ಕುಪ್ಪಳಿಸಿ ಮೂಲೆಗೆ ಹೋಗಿ, ಅಲ್ಲಿದ್ದ ಕಸವನ್ನು ಕೊಕ್ಕಿನಿಂದ ಮಗುಚಿ ಹುಡುಕುವುದು, ಬಾಲ ಕುಣಿಸುವುದು, ಮತ್ತೆ ಸುಮ್ಮನೆ ಕೂರುವುದು. ಸಂಜೆ ಎರಡು ಸ್ವರದ ಸಿಳ್ಳು ಹಾಕಿತು. ಮರುದಿನ ಅದೂ ಇಲ್ಲ.

ಪಕ್ಕದ ಮನೆಯ ಹೌಸಾಬಾಯಿ ಕುರಿ ಕಾಯುವ ಮನೆತನದವಳು. ನೋಡಿದ ಕೂಡಲೇ ಗುರುತು ಹಿಡಿದಳು.

"ಅಯ್ಯ, ಇದು ನವರಂಗ. ಆಜರಾದ ಅಡವ್ಯಾಗ ತರಗೆಲಿ ಕೆದರಿ ಹುಳ ತಿಂತೈತಿ. ಕಾಳಿಗೆ ಬಾಯಿ ಹಚ್ಚಂಗಿಲ್ಲ. ತಡೀ, ಎರಿಹುಳ ತರ್ತೀನಿ."

"ಬ್ಯಾಡ ಹೌಸಾಬಾಯಿ. ಇರೋದೊಂದ ಖೋಲಿ, ದೇವರ ಮುಂದ ಜೀವ ಕೊಲ್ಲೂದು ಬ್ಯಾಡ," ಎಂದಳು ದೊಡ್ಡವ್ವ.

"ಕೊಂದ ಪಾಪ ತಿಂದು ಪರಿಹಾರ ಅಂತಾರ. ತಿನ್ನೋದು ಹಕ್ಕಿ, ನಿಂದೇನ ಹೋಗತೈತಿ?"

ದೊಡ್ಡವ್ವ ಒಪ್ಪಲಿಲ್ಲ. ಹೊರಗೆ ಬಿಡೋಣವೆಂದರೆ ಬೆಕ್ಕು, ಕಾಗೆ. ಹೌಸಾಬಾಯಿ ಗೊಣಗುತ್ತ ಕೆಲಸಕ್ಕೆ ಹೋದಳು. ನನಗೂ ಸಿಟ್ಟು ಬಂದಿತ್ತು, ಇದೆಂಥ ಹಟ ಎಂದು. ಅದು ಹಟವಲ್ಲ, ಅಂಜಿಕೆ. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದೇ ಹಕ್ಕಿಯ ಪಕ್ಕ ಕುಳಿತಿದ್ದಳು.

ಮಧ್ಯಾಹ್ನ ಹಕ್ಕಿ ಕಣ್ಣು ಮುಚ್ಚತೊಡಗಿದಾಗ ಎದ್ದಳು. ಬಚ್ಚಲ ಹಿಂದಿನ ಹಸಿ ಮಣ್ಣು ಕೆದರಿ ಒಂದು ಎರೆಹುಳವನ್ನು ಅಂಗೈಗೆ ತೆಗೆದುಕೊಂಡಳು. ಅದು ಹೊರಳಿತು. ಅವಳು ನಿಂತೇಬಿಟ್ಟಳು.

"ಇದೂ ಜೀವಾನ ಅಲ್ಲೇನೋ, ಶಿವಾ?"

ಅಲ್ಲೇ ನಿಂತು ಅತ್ತಳು. ನಾನು ಗದರಿದ ಮೇಲೆ ಒಳಗೆ ಬಂದು, ಹುಳವನ್ನು ಹಕ್ಕಿಯ ಕೊಕ್ಕಿಗೆ ತಾಗಿಸಿದಳು. ಕೊಕ್ಕು ತೆರೆಯಲಿಲ್ಲ. ಕತ್ತು ಆಗಲೇ ವಾಲಿತ್ತು.

ಹುಳವನ್ನು ಮಣ್ಣಿಗೆ ಬಿಟ್ಟು ಬಂದು, ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಕೊಲ್ಲಬಾರದು ಅಂತಂತ ನಾನ ಕೊಂದ್ನಲ್ಲ," ಎಂದಳು.