ಹುರಿದರೆ ಬಿಡುತ್ತೆ ಅಂದಿದ್ದೆ

ಕಳೆದ ವಾರ ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರನ್ನು ಕಂಡು ಕಂಬದ ಹಿಂದೆ ಸರಿದೆ. ಕದ್ದು ಓಡಿದವನೇನಲ್ಲ ನಾನು. ಆದರೂ ಸರಿದೆ.

ಸವಳಂಗದಲ್ಲಿ ಮದುವೆ ಊಟ ಮುಗಿಸಿ ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದೆ. (ಈ ವಾರ ಆ ಊಟದ ಬಗ್ಗೆಯೇ ಬರೆಯುವವನಿದ್ದೆ. ಕೈ ಬರಲಿಲ್ಲ.)

ಅವರು ವೀರಾಚಾರ್. ಇಲ್ಲೇ ಹತ್ತಿರದ ಹಳ್ಳಿಯ ಅಕ್ಕಸಾಲಿ. ೧೯೭೫ರ ಸುಮಾರಿಗೆ ಅವರೂರಿನ ಗುಡ್ಡದಲ್ಲಿ ಸರ್ಕಾರದವರು ಚಿನ್ನ ಹುಡುಕುವ ಕ್ಯಾಂಪ್ ಹಾಕಿದ್ದರು. ನಾನು ಅಲ್ಲಿ ಲ್ಯಾಬ್ ಅಸಿಸ್ಟೆಂಟ್. ಬಿ.ಎಸ್ಸಿ. ಮುಗಿಸಿ ಸೇರಿದ ಮೊದಲ ನೌಕರಿ. ಕಲ್ಲು ಪುಡಿ ಮಾಡಿ, ಪೊಟ್ಟಣ ಕಟ್ಟಿ, ನಂಬರ್ ಬರೆದು ಕಳಿಸುವುದಷ್ಟೇ ಕೆಲಸ. ಊರವರು ಮಾತ್ರ ನನ್ನನ್ನು ‘ಚಿನ್ನದ ಸಾಹೇಬ್ರು’ ಅನ್ನುತ್ತಿದ್ದರು. ಕೇಳಲು ಹಿತವಾಗಿತ್ತು. ಸುಳ್ಳೇಕೆ ಹೇಳಲಿ?

ಒಂದು ದಿನ ವೀರಾಚಾರ್ ಕ್ಯಾಂಪಿಗೆ ಬಂದರು. ಕೈಯಲ್ಲಿ ಗುಡ್ಡದ ಕಲ್ಲಿನ ಚೂರು. ಮೂರು ತಿಂಗಳಿಂದ ಅಂಥ ಕಲ್ಲನ್ನು ಕುಟ್ಟಿ, ನುಣ್ಣಗೆ ಅರೆದು, ನೀರಿನಲ್ಲಿ ಜಾಲಿಸಿ ನೋಡಿದ್ದರಂತೆ. ಏನೂ ಸಿಕ್ಕಿರಲಿಲ್ಲ. ಅಂಗಡಿಯ ಕಸ ಗುಡಿಸಿ ಅದರಿಂದಲೂ ಚಿನ್ನ ತೆಗೆದ ಕೈ ಅದು. ಅವಮಾನವಾಗಿತ್ತು ಅವರಿಗೆ.

“ನೀವು ಐತೆ ಅಂತೀರಿ. ನನ್ನ ಕೈಗೆ ಯಾಕೆ ಸಿಗಲ್ಲ ಸಾರ್?”

ನಾನು ಮೇಷ್ಟ್ರಾದೆ. ಈ ಕಲ್ಲಿನಲ್ಲಿ ಚಿನ್ನ ಬಿಡಿಯಾಗಿರುವುದಿಲ್ಲ, ಹೊಳೆಯುವ ಹರಳುಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸಿಕ್ಕಿಕೊಂಡಿರುತ್ತದೆ, ಎಷ್ಟು ಅರೆದರೂ ಈಚೆ ಬರುವುದಿಲ್ಲ ಎಂದೆ. ಹರಳಿನಲ್ಲಿ ಏನಿರುತ್ತದೆ ಎಂದು ಕೇಳಿದರು. ಕಬ್ಬಿಣ, ಗಂಧಕ ಇತ್ಯಾದಿ ಎಂದೆ.

ಆ ‘ಇತ್ಯಾದಿ’ಯಲ್ಲಿ ಆರ್ಸೆನಿಕ್ ಎಂಬ ಪಾಷಾಣವಿತ್ತು.

“ಹಂಗಾರೆ ಬಿಡಿಸೋದು ಹೆಂಗೆ?”

“ಹುರೀಬೇಕು. ಹುರಿದ್ರೆ ಬಿಡುತ್ತೆ.”

ಅಷ್ಟು ಹೇಳಿ ಎದ್ದೆ. ಊಟದ ಗಂಟೆ ಹೊಡೆದಿತ್ತು. ಮುಂದಿನ ತಿಂಗಳು ನನಗೆ ವರ್ಗವಾಯಿತು.

ಉಳಿದದ್ದನ್ನು ವರ್ಷದ ನಂತರ ಹೇಳಿದ್ದು ಆ ಕ್ಯಾಂಪಿನ ಅಡುಗೆಯವನು, ಚನ್ನಗಿರಿ ಸಂತೆಯಲ್ಲಿ ಸಿಕ್ಕಾಗ. ವೀರಾಚಾರ್ ಹಿತ್ತಲಲ್ಲಿ ಒಲೆ ಹೂಡಿದ್ದರು. ಹಗಲೆಲ್ಲ ಅವರು ಅಂಗಡಿಯಲ್ಲಿ. ಬಾಣಲೆ ಮುಂದೆ ಕೂತು ಪುಡಿ ಕಲಕುತ್ತಿದ್ದವರು ಹೆಂಡತಿ ಗಂಗಮ್ಮ. ಬಿಳೀ ಹೊಗೆ, ಬೆಳ್ಳುಳ್ಳಿಯಂಥ ವಾಸನೆ. ಏನು ಒಗ್ಗರಣೆ ಹಾಕುತ್ತೀಯೇ ಎಂದು ಪಕ್ಕದ ಮನೆಯವರು ತಮಾಷೆ ಮಾಡುತ್ತಿದ್ದರಂತೆ.

ಮೊದಲು ವಾಂತಿ. ಆಮೇಲೆ ಅಂಗಾಲು ಉರಿ, ಜೋಮು. ಚಿನ್ನದ ಗುಂಡು ಪೋಣಿಸುವುದರಲ್ಲಿ ಗಂಗಮ್ಮನದು ಎತ್ತಿದ ಕೈ. ಆ ಬೆರಳುಗಳಿಗೆ ದಾರ ಹಿಡಿದದ್ದೇ ಗೊತ್ತಾಗದಂತಾಯಿತು. ದೃಷ್ಟಿ ಅಂದರು, ವಾಯು ಅಂದರು. ಮನೆಯಲ್ಲಿ ಏನು ಸುಟ್ಟಿರಿ ಎಂದು ದಾವಣಗೆರೆಯ ಡಾಕ್ಟರೊಬ್ಬರು ಕೇಳುವ ಹೊತ್ತಿಗೆ ತಡವಾಗಿತ್ತು.

ಇಷ್ಟು ಕೇಳಿದ ಮೇಲೂ ನಾನು ಆ ಹಳ್ಳಿಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಜಗಳೂರಿನ ಕಡೆ ಹತ್ತಿಗೆ ಹೊಡೆಯುವ ಕೀಟನಾಶಕ ಎಣ್ಣೆ ಮಾರುವವರು ಎಷ್ಟು ನೀರಿಗೆ ಎಷ್ಟು ಮುಚ್ಚಳ ಅನ್ನುತ್ತಾರೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅನ್ನುವುದಿಲ್ಲ ಎಂದು ಇದೇ ಅಂಕಣದಲ್ಲಿ ಬೈದಿದ್ದೆ. ನಿಮ್ಮಲ್ಲಿ ಹಲವರು ಭೇಷ್ ಎಂದು ಕಾಗದ ಬರೆದಿರಿ. ನನ್ನನ್ನು ಬೈಯುವವರು ಯಾರು?

ವೀರಾಚಾರ್ ಬೈಯಲಿಲ್ಲ. ಕಂಬದ ಹಿಂದೆ ಇದ್ದವನನ್ನು ಗುರುತು ಹಿಡಿದು, ಹತ್ತಿರ ಬಂದು, ಮಕ್ಕಳೆಷ್ಟು ಎಂದು ಕೇಳಿದರು. ಟೀ ಕುಡಿಸಿದರು. ಮನೆಯವರು ತೀರಿಹೋಗಿ ನಾಲ್ಕು ವರ್ಷವಾಯಿತು ಎಂದರು. ಕೊನೆಯ ಎರಡು ವರ್ಷ ಆಕೆಯ ಬಾಯಿಗೆ ತುತ್ತನ್ನೂ ತಾವೇ ಇಡುತ್ತಿದ್ದರಂತೆ.

“ನೀವು ಹೇಳಿದ್ದು ಸುಳ್ಳಲ್ಲ ಸಾರ್. ಸಾಸಿವೆಯಷ್ಟು ಚಿನ್ನ ಬಂತು. ಮಣ್ಣು ಮಾಡುವಾಗ ಆಕೆ ಬಾಯಿಗೆ ಹಾಕಿದೆ.”

ನನ್ನ ಬಸ್ಸು ಬಂತು. ಹತ್ತುವ ಮೊದಲು ಅವರು ನನ್ನ ತೋಳು ಹಿಡಿದರು. ಮೆಲ್ಲಗೇ ಕೇಳಿದರು.

“ಆ ಹೊಗೆ ವಿಷ ಅಂತ ನಿಮಗೆ ಆವಾಗ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದೆ.

“ನಾನೂ ಹಂಗೇ ಅಂದ್ಕೊಂಡಿದ್ದೆ. ಗೊತ್ತಿದ್ರೆ ಹೇಳ್ತಿದ್ರಿ.”

ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಆ ಹೊಗೆಯ ಬಗ್ಗೆಯೇ ಪ್ರಶ್ನೆ ಬಂದಿತ್ತು. ಪೂರ್ತಿ ಮಾರ್ಕ್ಸ್ ತೆಗೆದಿದ್ದೆ.